ಬಾಲೇವಾಡಿಗೆ ಬಂದ ದ್ವೀಪಗಳು

2008ರ ಅಕ್ಟೋಬರ್ ಎರಡನೆಯ ವಾರ. ಮೈಸೂರಿನಲ್ಲಿ ಜಂಬೂಸವಾರಿ ಮುಗಿದು ಮೂರು ದಿನವಾಗಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್ ನಾಲ್ಕನೆಯ ದಿನಕ್ಕೆ ಕಾಲಿಟ್ಟಿತ್ತು. ನಾಯಕ ಅನಿಲ್ ಕುಂಬ್ಳೆ. ತವರಿನ ಅಂಗಳದಲ್ಲಿ ಅವರು ಆಡುವ ಕೊನೆಯ ಟೆಸ್ಟ್ ಅದೇ ಆಗಲಿದೆ ಎಂದು ನೋಡುವವರು ಯಾರೂ ಎಣಿಸಿರಲಿಲ್ಲ. ಆ ಭಾನುವಾರ, ಅಕ್ಟೋಬರ್ 12ರಂದು, ಬೆಂಗಳೂರಿನಿಂದ ತುಮಕೂರು, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ದಾಟಿ ಹೋಗುವ ಹೆದ್ದಾರಿ ಪುಣೆಯ ಹೊರವಲಯ ಸುತ್ತುವ ಕಡೆ, ಬಾಲೇವಾಡಿಯಲ್ಲಿ, ಇನ್ನೊಂದು ಆಟ ಶುರುವಾಯಿತು. ಮೂರನೆಯ ಕಾಮನ್‌ವೆಲ್ತ್ ಯುವ ಕ್ರೀಡಾಕೂಟ. 71 ತಂಡಗಳು, 1,200ಕ್ಕೂ ಹೆಚ್ಚು ಹುಡುಗ ಹುಡುಗಿಯರು, ಒಂಬತ್ತು ಕ್ರೀಡೆಗಳು, ಏಳು ದಿನ.

ಆ ಕೂಟದ ನೆನಪು ನಮ್ಮಲ್ಲಿ ಉಳಿದಿದ್ದರೆ ಅದು ಪದಕ ಪಟ್ಟಿಯ ಮೊದಲ ಸಾಲಿನಿಂದ: ಭಾರತ, 33 ಚಿನ್ನ, ಒಟ್ಟು 76 ಪದಕ. ಆಸ್ಟ್ರೇಲಿಯಾ ಎರಡನೆಯದು, ಇಂಗ್ಲೆಂಡ್ ಮೂರನೆಯದು. ಹೆಮ್ಮೆಪಡಬೇಕಾದ ಸಾಧನೆಯೇ. ಆದರೆ ಆ ವಾರದ ದೊಡ್ಡ ಕತೆ ಪಟ್ಟಿಯ ತುದಿಯಲ್ಲಿ ಇರಲಿಲ್ಲ ಎಂಬುದು ನನ್ನ ನಂಬಿಕೆ. ಅದು ಪಟ್ಟಿಯ ಕೆಳಭಾಗದಲ್ಲಿತ್ತು. ನಮ್ಮ ಒಂದು ತಾಲೂಕಿನಷ್ಟೂ ಜನರಿಲ್ಲದ ದ್ವೀಪಗಳಿಂದ ಬಂದ, ಒಂದು ಮಿನಿಬಸ್ಸಿನಲ್ಲಿ ಹಿಡಿಸುವಂಥ ತಂಡಗಳದು ಆ ಕತೆ.

ಮೊದಲು ಈ 71ರ ಲೆಕ್ಕ. ಆಗ ಕಾಮನ್‌ವೆಲ್ತ್ ಸದಸ್ಯ ರಾಷ್ಟ್ರಗಳು 53 ಮಾತ್ರ. ಆಟದ ಮೈದಾನದಲ್ಲಿ ಅವು 71 ಆಗುವುದಕ್ಕೆ ಕಾರಣ, ಕಾಮನ್‌ವೆಲ್ತ್ ಕ್ರೀಡಾ ಒಕ್ಕೂಟ ದೇಶದ ಪಾಸ್‌ಪೋರ್ಟ್ ನೋಡಿ ತಂಡ ಎಣಿಸುವುದಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಬೇರೆ ಬೇರೆ ತಂಡ. ಐಲ್ ಆಫ್ ಮ್ಯಾನ್, ಜೆರ್ಸಿ, ಗರ್ನ್‌ಸಿ ಬೇರೆ. ಪೆಸಿಫಿಕ್ ಸಾಗರದ ಕುಕ್ ದ್ವೀಪಗಳು, ಎರಡು ಸಾವಿರ ಜನವೂ ಇಲ್ಲದ ನಿಯುವೆ, ಆಸ್ಟ್ರೇಲಿಯಾದ ಅಧೀನದಲ್ಲಿರುವ ನಾರ್ಫೋಕ್ ದ್ವೀಪ, ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ಎಲ್ಲವಕ್ಕೂ ತಮ್ಮದೇ ಬಾವುಟ, ತಮ್ಮದೇ ಜರ್ಸಿ. ನೆಪೋಲಿಯನ್‌ನನ್ನು ಸೆರೆಯಿಟ್ಟ ಈ ಸೇಂಟ್ ಹೆಲೆನಾದಲ್ಲಿ 2008ರಲ್ಲಿ ವಿಮಾನ ನಿಲ್ದಾಣವೇ ಇರಲಿಲ್ಲ. ಅಲ್ಲಿಂದ ಕೇಪ್‌ಟೌನ್‌ಗೆ ಹಡಗಿನಲ್ಲಿ ಐದು ದಿನ. ನಿಯಮಿತ ವಿಮಾನ ಸಂಚಾರ ಶುರುವಾದದ್ದು 2017ರಲ್ಲಿ.

ಇದು ಉದಾರತೆಯಿಂದ ಕೊಟ್ಟ ಜಾಗವಲ್ಲ, ಹಳೆಯ ಹಕ್ಕು. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಮೊದಲ ಕೂಟ ನಡೆದಾಗ ಬಂದ ಹನ್ನೊಂದು ತಂಡಗಳಲ್ಲಿ ಬರ್ಮುಡಾ ಒಂದು. ಭಾರತ ಇರಲಿಲ್ಲ. ನಾವು ಹೋದದ್ದು 1934ರಲ್ಲಿ, ಲಂಡನ್ನಿಗೆ. ಅಲ್ಲಿ ಕುಸ್ತಿಪಟು ರಶೀದ್ ಅನ್ವರ್ ಕಂಚು ತಂದರು. ಸಾಲಿನಲ್ಲಿ ನಿಂತ ಕ್ರಮ ನೋಡಿದರೆ ಬರ್ಮುಡಾ ನಮಗಿಂತ ಹಿರಿಯದು.

ಮೈದಾನದ ಆಚೆಗೂ ದ್ವೀಪಗಳಿಗೆ ಬಲವಿತ್ತು. ಒಕ್ಕೂಟದ ಸಭೆಯಲ್ಲಿ ನೂರು ಕೋಟಿ ಜನರ ಭಾರತಕ್ಕೆ ಒಂದು ಮತ, ಹತ್ತು ಸಾವಿರ ಜನರ ತುವಾಲುವಿಗೂ ಒಂದು ಮತ. 2010ರ ಕಾಮನ್‌ವೆಲ್ತ್ ಕೂಟ ಯಾರಿಗೆ ಎಂದು ತೀರ್ಮಾನಿಸಲು 2003ರ ನವೆಂಬರ್‌ನಲ್ಲಿ ಸದಸ್ಯರು ಸೇರಿದ್ದು ಜಮೈಕಾ ದ್ವೀಪದ ಮಾಂಟೆಗೊ ಬೇ ಎಂಬ ಊರಿನಲ್ಲಿ. ದೆಹಲಿಯ ಎದುರಾಳಿ ಅದೇ ಹ್ಯಾಮಿಲ್ಟನ್. ಪ್ರತಿಯೊಂದು ಸದಸ್ಯ ತಂಡಕ್ಕೂ ತರಬೇತಿಗೆಂದು ಒಂದು ಲಕ್ಷ ಡಾಲರ್ ಕೊಡುವುದಾಗಿ ಭಾರತ ಮುಂದೆ ಬಂತು. ದೊಡ್ಡ ದೇಶಕ್ಕೆ ಅದು ಚಿಲ್ಲರೆ ಹಣ, ಒಬ್ಬನೇ ಕೋಚ್ ಇರುವ ದ್ವೀಪಕ್ಕೆ ಕೆಲವು ವರ್ಷಗಳ ಬಜೆಟ್. ದೆಹಲಿ 46–22 ಮತಗಳಿಂದ ಗೆದ್ದಿತು. ಇದನ್ನು ಲಂಚವೆಂದು ಮೂಗು ಮುರಿದವರೂ ಇದ್ದರು. ನನಗೆ ಹಾಗೆ ಅನಿಸಿಲ್ಲ. ಯಾರ ಮತ ಬೇಕೋ ಅವರ ಮಕ್ಕಳ ಆಟಕ್ಕೆ ಹಣ ಹೋಗುವುದಾದರೆ ಅದಕ್ಕಿಂತ ಒಳ್ಳೆಯ ಚುನಾವಣಾ ಭರವಸೆ ಸಿಗುವುದು ಅಪರೂಪ.

ಯುವ ಕ್ರೀಡಾಕೂಟ ಮಾತ್ರ ಆಗ ಇನ್ನೂ ಎಳೆಯದು. 2000ದಲ್ಲಿ ಎಡಿನ್‌ಬರೋದಲ್ಲಿ ಮೊದಲ ಸಲ ನಡೆದಾಗ ಹದಿನೈದು ತಂಡ, ಐನೂರಕ್ಕೂ ಕಡಿಮೆ ಸ್ಪರ್ಧಿಗಳು. 2004ರಲ್ಲಿ ಆಸ್ಟ್ರೇಲಿಯಾದ ಬೆಂಡಿಗೋದಲ್ಲಿ ಇಪ್ಪತ್ತೆರಡು ತಂಡ. ಅಲ್ಲಿಂದ ಒಂದೇ ನೆಗೆತಕ್ಕೆ 71. ಪುಣೆ ಮಾಡಿದ ದೊಡ್ಡ ಕೆಲಸ ಇದು. ಉಳ್ಳವರ ಮಕ್ಕಳ ಕೂಟವಾಗಿ ಉಳಿಯಬಹುದಾಗಿದ್ದನ್ನು ಎಲ್ಲರ ಮಕ್ಕಳ ಕೂಟ ಮಾಡಿತು.

ಬಾಲೇವಾಡಿಯ ಶ್ರೀ ಶಿವಛತ್ರಪತಿ ಕ್ರೀಡಾ ಸಂಕುಲ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ್ದು. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಮುಂಬೈಗೆ ಹೋಗಿಬರುವವರಿಗೆ ಈ ಹೆಸರು ಹೊಸದಲ್ಲ. ಆಗ ಸುತ್ತ ಗದ್ದೆ, ಬಯಲು ಇದ್ದ ಜಾಗ, ನಂತರದ ವರ್ಷಗಳಲ್ಲಿ ಐಟಿ ಕಂಪನಿಗಳ ಮತ್ತು ಫ್ಲಾಟುಗಳ ಊರಾಯಿತು. ಪುಣೆಯ ಸಂಸದರೂ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರೂ ಆಗಿದ್ದ ಸುರೇಶ್ ಕಲ್ಮಾಡಿ ಈ ಕೂಟದ ಬೆನ್ನೆಲುಬು. ಎರಡು ವರ್ಷ ಆಚೆಗಿದ್ದ ದೆಹಲಿ ಕೂಟಕ್ಕೆ ಇದೇ ತಾಲೀಮು. ದೆಹಲಿಯ ಲಾಂಛನ ಶೇರಾ ಎಂಬ ಹುಲಿ. ಪುಣೆಯದು ಅವನ ತಮ್ಮ, ಜಿಗರ್ ಎಂಬ ಮರಿಹುಲಿ.

ಕಾಲ ಮಾತ್ರ ಸುಖದ್ದಾಗಿರಲಿಲ್ಲ. ಆ ವರ್ಷ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಬಾಂಬ್ ಸಿಡಿದಿತ್ತು. ಮರುದಿನ ಅಹಮದಾಬಾದ್. ಸೆಪ್ಟೆಂಬರ್ 13ರಂದು ದೆಹಲಿ. ಅದೇ ತಿಂಗಳ ಕೊನೆಗೆ ಮಹಾರಾಷ್ಟ್ರದ್ದೇ ಮಾಲೇಗಾಂವ್. ಹದಿನಾರು ಹದಿನೇಳರ ಮಕ್ಕಳನ್ನು ಇಂಥ ಸುದ್ದಿಗಳ ನಡುವೆ ಅರ್ಧ ಭೂಮಿ ದಾಟಿಸಿ ಕಳಿಸಿಕೊಟ್ಟ ಅಪ್ಪ ಅಮ್ಮಂದಿರ ಧೈರ್ಯವನ್ನು ಯಾವ ಪಟ್ಟಿಯೂ ಲೆಕ್ಕ ಇಟ್ಟಿಲ್ಲ. ಮಹಾರಾಷ್ಟ್ರದವರು ‘ಅಕ್ಟೋಬರ್ ಹೀಟ್’ ಅನ್ನುವ ಬಿಸಿಲು ಬೇರೆ. ಮಳೆ ಹಿಂದೆ ಸರಿದು ಚಳಿ ಇನ್ನೂ ಬಾರದ ಆ ಕೆಲವು ವಾರ ದಖ್ಖನ್ ಬಯಲು ಕಾದ ಹೆಂಚು. ಕಡಲ ಗಾಳಿಗೆ ಹೊಂದಿಕೊಂಡ ಮೈಗಳು ಸಮುದ್ರಮಟ್ಟದಿಂದ 560 ಮೀಟರ್ ಮೇಲೆ, ಕಡಲೇ ಕಾಣದ ಊರಿನಲ್ಲಿ ಸೆಣಸಬೇಕಿತ್ತು.

ಹಾಗೆ ಬಂದವರಲ್ಲಿ ಗ್ರೆನೇಡ ತಂಡವೂ ಒಂದು.

ಗ್ರೆನೇಡ ಕೆರಿಬಿಯನ್ ಕಡಲಿನ ದಕ್ಷಿಣ ತುದಿಯ ನಾಡು. ವಿಸ್ತೀರ್ಣ 344 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ಮಹಾನಗರದ ಅರ್ಧಕ್ಕಿಂತ ಕಡಿಮೆ. ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ. ಸ್ವಾತಂತ್ರ್ಯ ಬಂದದ್ದು 1974ರಲ್ಲಿ. 1983ರ ಅಕ್ಟೋಬರ್‌ನಲ್ಲಿ ಅಲ್ಲಿನ ಪ್ರಧಾನಿ ಮಾರಿಸ್ ಬಿಷಪ್ ಅವರ ಕೊಲೆಯಾಯಿತು. ವಾರ ಕಳೆಯುವುದರೊಳಗೆ ಅಮೆರಿಕದ ಸೇನೆ ಬಂದಿಳಿಯಿತು. ನಮ್ಮ ಹಿರಿಯರಿಗೆ ಗ್ರೆನೇಡ ಎಂಬ ಹೆಸರು ಗೊತ್ತಿದ್ದದ್ದು ಆ ದಾಳಿಯ ಸುದ್ದಿಯಿಂದ. ಅದಕ್ಕೂ ಹಳೆಯ ನಂಟೊಂದಿದೆ. 1857ರ ಮೇ 1ರಂದು, ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೇಳುವುದಕ್ಕೆ ಒಂಬತ್ತು ದಿನ ಮೊದಲು, ‘ಮೇಡ್‌ಸ್ಟೋನ್’ ಎಂಬ ಹಡಗು ಸುಮಾರು ಮುನ್ನೂರು ಭಾರತೀಯ ಕೂಲಿಗಳನ್ನು ಆ ದ್ವೀಪದಲ್ಲಿ ಇಳಿಸಿತು. ಗುಲಾಮಗಿರಿ ರದ್ದಾದ ಮೇಲೆ ತೋಟಗಳಿಗೆ ಆಳುಗಳು ಬೇಕಾಗಿದ್ದರು.

ಗ್ರೆನೇಡದ ತೋಟಗಳ ಮುಖ್ಯ ಬೆಳೆಗಳಲ್ಲೊಂದು ಜಾಯಿಕಾಯಿ. ಶಿರಸಿ, ಸಿದ್ದಾಪುರ, ಪುತ್ತೂರಿನ ಅಡಿಕೆ ತೋಟದವರಿಗೆ ಅದರ ಪರಿಚಯ ಹೇಳಬೇಕಿಲ್ಲ: ಹಣ್ಣು ಮಾಗಿದಾಗ ಹಳದಿ ಸಿಪ್ಪೆ ತಾನಾಗಿ ಎರಡು ಹೋಳಾಗಿ ಬಿರಿಯುತ್ತದೆ, ಒಳಗೆ ಕಪ್ಪು ಬೀಜವನ್ನು ಕೆಂಪು ಜಾಲದ ಹಾಗೆ ತಬ್ಬಿಕೊಂಡ ಜಾಪತ್ರೆ. ಬಿರಿದ ಆ ಹಣ್ಣಿನ ಚಿತ್ರ ಗ್ರೆನೇಡದ ರಾಷ್ಟ್ರಧ್ವಜದ ಮೇಲೇ ಇದೆ. ಜಗತ್ತಿಗೆ ಜಾಯಿಕಾಯಿ ಒದಗಿಸುವುದರಲ್ಲಿ ಇಂಡೋನೇಷ್ಯಾದ ನಂತರ ಈ ಪುಟ್ಟ ನಾಡಿನದೇ ಹೆಸರಾಗಿತ್ತು. 2004ರ ಸೆಪ್ಟೆಂಬರ್ 7ರಂದು ‘ಐವನ್’ ಚಂಡಮಾರುತ ಬಡಿಯಿತು. ಹತ್ತರಲ್ಲಿ ಒಂಬತ್ತು ಮನೆಗಳಿಗೆ ಪೆಟ್ಟು. 39 ಜನ ಸತ್ತರು. ಜಾಯಿಕಾಯಿ ಮರಗಳು ಬಹುಪಾಲು ಬುಡಮೇಲಾದವು. ಸಸಿ ನೆಟ್ಟರೆ ಫಸಲಿಗೆ ಆರೇಳು ವರ್ಷ ಕಾಯಬೇಕಾದ ಬೆಳೆ ಅದು. ನಾಲ್ಕು ವರ್ಷದ ಮೇಲೆ ಗ್ರೆನೇಡದ ತಂಡ ಪುಣೆಗೆ ಬಂದಾಗ ಊರಿನ ತೋಟಗಳು ಇನ್ನೂ ಚೇತರಿಸಿಕೊಂಡಿರಲಿಲ್ಲ.

ಐವನ್ ಬಡಿದಾಗ ಪಶ್ಚಿಮ ತೀರದ ಗ್ವಾವ್ ಎಂಬ ಮೀನುಗಾರರ ಊರಿನಲ್ಲಿ ಕಿರಾನಿ ಜೇಮ್ಸ್ ಎಂಬ ಹುಡುಗನಿಗೆ ಹನ್ನೆರಡು ತುಂಬಿ ಒಂದು ವಾರ. ಪುಣೆಗೆ ಬರುವಾಗ ಹದಿನಾರು. ಓಟದ ಲೋಕ ಅವನನ್ನು ಆಗಲೇ ಗುರುತು ಹಿಡಿದಿತ್ತು. ಅದೇ ಜುಲೈಯಲ್ಲಿ ಪೋಲೆಂಡಿನ ಬಿಡ್ಗೋಶ್ಚ್‌ನಲ್ಲಿ ನಡೆದ ವಿಶ್ವ ಜೂನಿಯರ್ ಅಥ್ಲೆಟಿಕ್ಸ್‌ನಲ್ಲಿ ತನಗಿಂತ ಮೂರು ನಾಲ್ಕು ವರ್ಷ ದೊಡ್ಡವರ ನಡುವೆ 400 ಮೀಟರನ್ನು 45.70 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದಿದ್ದ. ಹದಿನೈದರ ವಯಸ್ಸಿನಲ್ಲಿ ಅಷ್ಟು ವೇಗವಾಗಿ ಆ ದೂರ ಓಡಿದವರು ಅದುವರೆಗೆ ಯಾರೂ ಇರಲಿಲ್ಲ.

ನಾನೂರು ಮೀಟರ್ ಓಟ ಅಥ್ಲೆಟಿಕ್ಸ್‌ನ ಕ್ರೂರ ಓಟ. ಮೈದಾನಕ್ಕೆ ಪೂರ್ತಿ ಒಂದು ಸುತ್ತು, ಮೊದಲಿಂದ ಕೊನೆವರೆಗೂ ಅವರವರ ಲೇನ್ ಅವರವರಿಗೆ. ತಿರುವು ಸರಿದೂಗಿಸಲು ಒಬ್ಬೊಬ್ಬರನ್ನು ಒಂದೊಂದು ಗೆರೆಯಲ್ಲಿ ಮುಂದೆ ಹಿಂದೆ ನಿಲ್ಲಿಸುವುದರಿಂದ ಯಾರು ಮುಂದಿದ್ದಾರೆ ಎಂಬುದು ಕೊನೆಯ ತಿರುವು ಮುಗಿಯುವವರೆಗೆ ಓಡುವವರಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ನೂರು ಮೀಟರಿನ ಹಾಗೆ ಇದ್ದಬದ್ದ ಶಕ್ತಿಯನ್ನೆಲ್ಲ ಸುರಿಯುವಂತಿಲ್ಲ, ಎಂಟುನೂರರ ಹಾಗೆ ಉಳಿಸಿಕೊಳ್ಳುವಂತೆಯೂ ಇಲ್ಲ. ಮುನ್ನೂರು ದಾಟಿದ ಮೇಲೆ ತೊಡೆಗಳು ಹೇಳಿದ ಮಾತು ಕೇಳುವುದಿಲ್ಲ, ಮಂಡಿ ಮೇಲೇಳುವುದಿಲ್ಲ, ಕತ್ತು ಹಿಂದಕ್ಕೆ ವಾಲುತ್ತದೆ. ಕಿರಾನಿಯ ಓಟ ನೋಡಿದವರು ಮೊದಲು ಗಮನಿಸುವುದೇ ಆ ಕೊನೆಯ ನೂರರಲ್ಲಿ ಅವನ ಮುಖ ಮತ್ತು ಭುಜ ಬಿಗಿಯಾಗದೆ ಇರುವುದನ್ನು. ಪುಣೆಯ ಟ್ರ್ಯಾಕಿನಲ್ಲಿ ಅವನು ನಾನೂರನ್ನು 47 ಸೆಕೆಂಡಿನೊಳಗೆ ಮುಗಿಸಿ ಚಿನ್ನ ಗೆದ್ದ. ಜಾಯಿಕಾಯಿಯ ಬಾವುಟ ಬಾಲೇವಾಡಿಯ ಎತ್ತರದ ಕಂಬಕ್ಕೇರಿತು.

ಮರುದಿನದ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿಯಲ್ಲ. ಆ ವಾರ ಜಾಗವೂ ಇರಲಿಲ್ಲ. ಅಕ್ಟೋಬರ್ 17ರಂದು ಮೊಹಾಲಿಯಲ್ಲಿ ಸಚಿನ್ ತೆಂಡೂಲ್ಕರ್ ಟೆಸ್ಟ್ ಕ್ರಿಕೆಟ್ಟಿನ ಅತಿ ಹೆಚ್ಚು ರನ್‌ಗಳ ದಾಖಲೆ ಮುರಿದರು. ದೇಶವೆಲ್ಲ ಆ ಸಂಭ್ರಮದಲ್ಲಿತ್ತು. ಮುರಿದದ್ದು ಯಾರ ದಾಖಲೆ? ಬ್ರಯಾನ್ ಲಾರಾ ಅವರದು. ಗ್ರೆನೇಡದ ಪಕ್ಕದ ದ್ವೀಪ ಟ್ರಿನಿಡಾಡ್‌ನ ಹುಡುಗನಾಗಿ ಬೆಳೆದು ಬಂದವರು ಅವರು.

ಭಾರತದ ಮಕ್ಕಳ ಬಗ್ಗೆಯೂ ಹೇಳಲೇಬೇಕು. ಬೀಜಿಂಗ್ ಒಲಿಂಪಿಕ್ಸ್ ಮುಗಿದು ಎರಡು ತಿಂಗಳಾಗಿರಲಿಲ್ಲ. ಅಲ್ಲಿ ಕ್ವಾರ್ಟರ್‌ಫೈನಲ್ ಮುಟ್ಟಿ ಬಂದಿದ್ದ ಸೈನಾ ನೆಹ್ವಾಲ್ ಬಾಲೇವಾಡಿಯಲ್ಲಿ ಸಿಂಗಲ್ಸ್ ಚಿನ್ನ ಗೆದ್ದರು. ಆಮೇಲೆ ಪುಣೆಯಲ್ಲೇ ನಡೆದ ವಿಶ್ವ ಜೂನಿಯರ್ ಬ್ಯಾಡ್ಮಿಂಟನ್ ಕಿರೀಟವನ್ನೂ ತೊಟ್ಟರು. ಕೊಲ್ಹಾಪುರದ ರಾಹಿ ಸರ್ನೋಬತ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದು ಬೆಳಕಿಗೆ ಬಂದದ್ದು ಇಲ್ಲೇ. ಕೊಲ್ಹಾಪುರದವನೇ ಆದ ವೀರಧವಳ ಖಾಡೆ ಬೆಂಗಳೂರಿಗೆ ಬಂದು ನಿಹಾರ್ ಅಮೀನ್ ಅವರ ಕೈಕೆಳಗೆ ಈಜು ಕಲಿತ ಹುಡುಗ. ಹದಿನಾರಕ್ಕೆ ಬೀಜಿಂಗ್‌ನಲ್ಲಿ ಈಜಿ, ಪುಣೆಯ ಕೊಳದಲ್ಲಿ ಚಿನ್ನ ಗೆದ್ದ. ಬೆಂಗಳೂರಿನ ನೀರಿಗೆ ಈ ಕೂಟದ ಜೊತೆ ಇದ್ದ ನಂಟು ಅದು.

ಗೆಲ್ಲದವರ ಹೆಸರು ಹೇಳುವ ದಾಖಲೆಗಳು ಕಡಿಮೆ. ಆದರೆ ಒಂದು ದ್ವೀಪಕ್ಕೆ ಇಂಥ ಕೂಟ ಏನು ಎಂಬುದಕ್ಕೆ ನೌರು ಸಾಕ್ಷಿ. 21 ಚದರ ಕಿಲೋಮೀಟರ್, ಸುಮಾರು ಹತ್ತು ಸಾವಿರ ಜನ. ಭಾರ ಎತ್ತುವುದು ಅಲ್ಲಿನ ರಾಷ್ಟ್ರೀಯ ಆಟದ ಹಾಗೆ. ಪುಣೆ ಕೂಟದ ಹೊತ್ತಿಗೆ ಆ ದೇಶದ ಅಧ್ಯಕ್ಷರಾಗಿದ್ದ ಮಾರ್ಕಸ್ ಸ್ಟೀಫನ್ ಸ್ವತಃ ಕಾಮನ್‌ವೆಲ್ತ್ ಕೂಟಗಳಲ್ಲಿ ಏಳು ಚಿನ್ನ ಗೆದ್ದ ವೇಟ್‌ಲಿಫ್ಟರ್. ಅವರ ಮೊದಲ ಚಿನ್ನ 1990ರಲ್ಲಿ ಆಕ್ಲೆಂಡ್‌ನಲ್ಲಿ ಬಂತು. ಜಗತ್ತಿನ ನಕ್ಷೆಯಲ್ಲಿ ಚುಕ್ಕೆಯೂ ಕಾಣದ ಊರಿಗೆ ಒಬ್ಬ ತರುಣ ಎತ್ತಿದ ಭಾರ ಹೆಸರು ತಂದುಕೊಟ್ಟಿತು. ಊರು ಅವನ ಕೈಗೆ ಆಡಳಿತ ಕೊಟ್ಟಿತು. ಇಂಥ ನಾಡುಗಳಲ್ಲಿ ಕ್ರೀಡೆ ಪತ್ರಿಕೆಯ ಕೊನೆಯ ಪುಟದ ವಿಷಯವಲ್ಲ.

ಕಿರಾನಿಯ ಮುಂದಿನ ದಾರಿ ಈಗ ಇತಿಹಾಸ. 2009ರಲ್ಲಿ ಇಟಲಿಯ ಬ್ರಿಕ್ಸೆನ್‌ನಲ್ಲಿ ವಿಶ್ವ ಯುವ ಕೂಟದ 200 ಮತ್ತು 400 ಎರಡರಲ್ಲೂ ಚಿನ್ನ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದಿಂದ ಕರೆ. 2011ರಲ್ಲಿ ದಕ್ಷಿಣ ಕೊರಿಯಾದ ದೇಗುವಿನಲ್ಲಿ ಹದಿನೆಂಟಕ್ಕೇ ವಿಶ್ವ ಚಾಂಪಿಯನ್. ಆಮೇಲೆ 2012ರ ಲಂಡನ್ ಒಲಿಂಪಿಕ್ಸ್. ಸೆಮಿಫೈನಲ್‌ನಲ್ಲಿ ಅವನ ಜೊತೆ ಓಡಿದವರಲ್ಲಿ ಎರಡೂ ಕಾಲಿಗೆ ಕೃತಕ ಪಾದ ಕಟ್ಟಿಕೊಂಡ ದಕ್ಷಿಣ ಆಫ್ರಿಕದ ಆಸ್ಕರ್ ಪಿಸ್ಟೋರಿಯಸ್ ಒಬ್ಬರು. ಅವರು ಕೊನೆಯವರಾಗಿ ಗುರಿ ಮುಟ್ಟಿದರು. ಗೆದ್ದ ಕಿರಾನಿ ನೇರ ಅವರ ಬಳಿ ಹೋಗಿ, ಅಪ್ಪಿಕೊಂಡು, ತನ್ನ ಎದೆಯ ಮೇಲಿನ ಹೆಸರಿನ ಚೀಟಿ ಬಿಚ್ಚಿ ಅವರಿಗೆ ಕೊಟ್ಟು ಅವರದನ್ನು ತಾನು ಇಸಿದುಕೊಂಡ. ಸೋತವನ ಚೀಟಿ ಬೇಡಿ ಪಡೆದ ಆ ಹುಡುಗನಿಗೆ ಆಗ ಹತ್ತೊಂಬತ್ತು.

ಮರುದಿನ, ಆಗಸ್ಟ್ 6ರ ಫೈನಲ್‌ನಲ್ಲಿ 43.94 ಸೆಕೆಂಡ್. ಅದುವರೆಗೆ 44ರ ಗೆರೆಯ ಒಳಗೆ ಓಡಿದವರೆಲ್ಲ ಅಮೆರಿಕದವರೇ. ಆ ಗೆರೆ ದಾಟಿದ ಮೊದಲ ಹೊರಗಿನವ ಇವನು. ಗ್ರೆನೇಡಕ್ಕೆ ಅದು ಮೊಟ್ಟಮೊದಲ ಒಲಿಂಪಿಕ್ಸ್ ಪದಕ. ಪ್ರಧಾನಿ ಮರುದಿನ ಮಧ್ಯಾಹ್ನ ದೇಶಕ್ಕೇ ರಜೆ ಸಾರಿದರು. ಬೆಳ್ಳಿ ಡೊಮಿನಿಕನ್ ಗಣರಾಜ್ಯದ ಲುಗೆಲಿನ್ ಸಾಂಟೋಸ್‌ಗೆ, ಕಂಚು ಟ್ರಿನಿಡಾಡ್ ಮತ್ತು ಟೊಬೆಗೊದ ಲಾಲೊಂಡ್ ಗಾರ್ಡನ್‌ಗೆ. ಪೀಠದ ಮೂರೂ ಮೆಟ್ಟಿಲ ಮೇಲೆ ಕೆರಿಬಿಯನ್ ದ್ವೀಪಗಳ ಮಕ್ಕಳು. ರಿಯೋದಲ್ಲಿ ಕಿರಾನಿಗೆ ಬೆಳ್ಳಿ, ಟೋಕಿಯೋದಲ್ಲಿ ಕಂಚು. ಪ್ಯಾರಿಸ್ ಕೂಟದವರೆಗೂ ಗ್ರೆನೇಡದ ಬಳಿ ಇದ್ದ ಒಲಿಂಪಿಕ್ಸ್ ಪದಕ ಮೂರೇ, ಮೂರೂ ಪುಣೆಯಲ್ಲಿ ಓಡಿದ ಕಾಲುಗಳು ತಂದವು. ಪ್ಯಾರಿಸ್‌ನಲ್ಲಿ ಇನ್ನೆರಡು ಸೇರಿದವು. ಅದರಲ್ಲೊಂದು ಜಾವೆಲಿನ್‌ನ ಆ್ಯಂಡರ್ಸನ್ ಪೀಟರ್ಸ್ ಅವರದು. 2022ರ ವಿಶ್ವ ಕೂಟದಲ್ಲಿ ನಮ್ಮ ನೀರಜ್ ಚೋಪ್ರಾ ಅವರನ್ನು ಬೆಳ್ಳಿಗೆ ನಿಲ್ಲಿಸಿ 90.54 ಮೀಟರ್ ಎಸೆದವರು ಇದೇ ಪೀಟರ್ಸ್.

ಪುಣೆಯ ನಂತರ ಯುವ ಕ್ರೀಡಾಕೂಟ ಹೋದ ದಾರಿಯೂ ನೋಡುವಂಥದ್ದು. 2011ರದು ಐಲ್ ಆಫ್ ಮ್ಯಾನ್‌ಗೆ ಹೋಯಿತು: ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಕಡಲಲ್ಲಿ 572 ಚದರ ಕಿಲೋಮೀಟರ್ ನೆಲ, ಎಂಬತ್ತು ಸಾವಿರದಷ್ಟು ಜನ, ಸಾವಿರ ವರ್ಷ ಹಳೆಯ ಸಂಸತ್ತು, ಮೈ ಜುಮ್ಮೆನ್ನಿಸುವ ಟಿಟಿ ಬೈಕ್ ರೇಸು. ಪುಣೆಯಲ್ಲಿ ಅತಿಥಿಯಾಗಿದ್ದ ದ್ವೀಪ ಮೂರು ವರ್ಷಕ್ಕೆ 64 ತಂಡಗಳಿಗೆ ಊಟ ಬಡಿಸಿತು. 2015ರಲ್ಲಿ ಪೆಸಿಫಿಕ್‌ನ ಸಮೋವಾ. 2017ರದನ್ನು ಸೇಂಟ್ ಲೂಸಿಯಾ ಒಪ್ಪಿಕೊಂಡು ಕೈಲಾಗದೆ ಬಿಟ್ಟಾಗ ಅದನ್ನು ಎತ್ತಿಕೊಂಡದ್ದು ಇನ್ನೊಂದು ದ್ವೀಪನಾಡು, ಬಹಾಮಾಸ್. 2021ಕ್ಕೆ ಬೆಲ್‌ಫಾಸ್ಟ್ ಎಂದು ಗೊತ್ತಾಗಿದ್ದದ್ದು ತಪ್ಪಿಹೋಗಿ, ಕೋವಿಡ್ ಕಳೆದ ಮೇಲೆ 2023ರ ಆಗಸ್ಟ್‌ನಲ್ಲಿ ಲಾರಾ ಅವರ ಟ್ರಿನಿಡಾಡ್ ಮತ್ತು ಟೊಬೆಗೊದಲ್ಲಿ ನಡೆಯಿತು. ಅಂಗವಿಕಲ ಮಕ್ಕಳ ಸ್ಪರ್ಧೆಗಳನ್ನು ಮೊದಲ ಸಲ ಕೂಟದೊಳಗೆ ಸೇರಿಸಿಕೊಂಡದ್ದು ಅಲ್ಲೇ. ಹಣ, ಹೋಟೆಲು, ಕ್ರೀಡಾಂಗಣ ಎಲ್ಲದರಲ್ಲೂ ನಮಗಿಂತ ಹಿಂದಿರುವ ಈ ನಾಡುಗಳು ಶಾಲೆ, ಹಾಸ್ಟೆಲು, ಇದ್ದ ಮೈದಾನಗಳನ್ನೇ ಹೊಂದಿಸಿಕೊಂಡು ಕೂಟವನ್ನು ತಮ್ಮ ಅಳತೆಗೆ ಇಳಿಸಿಕೊಂಡವು. ಅದರಿಂದಲೇ ಅದು ಬದುಕಿ ಉಳಿಯಿತು ಎಂದು ನನಗನಿಸುತ್ತದೆ. ದೊಡ್ಡ ಕಾಮನ್‌ವೆಲ್ತ್ ಕೂಟಕ್ಕೆ ಮಾತ್ರ ಅದೇ ವರ್ಷ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಖರ್ಚಿನ ಕಾರಣ ಕೊಟ್ಟು ಕೈ ಎತ್ತಿತ್ತು.

2008ರ ನಂತರ ಈ ಮಕ್ಕಳ ಕೂಟ ಯಾವ ಭೂಖಂಡದ ನೆಲಕ್ಕೂ ಮರಳಿಲ್ಲ. 2027ರ ಆತಿಥ್ಯ ಮಾಲ್ಟಾಕ್ಕೆ ಸಿಕ್ಕಿದೆ. ಗ್ರೆನೇಡಕ್ಕಿಂತ ಕೊಂಚ ಚಿಕ್ಕದು, ಅದೂ ದ್ವೀಪವೇ.